ಮಗ್ಗದ ಸದ್ದಿಗೆ ಏಳದ ಕೂಸು

ಸಿರಿಸಿಲ್ಲ
ಕಾರ್ತಿಕದ ಎರಡನೇ ಸೋಮವಾರ

ಮಗಳು ಶಿರೀಷಳಿಗೆ ನಿನ್ನ ಅತ್ತೆ ಭೂಲಕ್ಷ್ಮಿಯ ಆಶೀರ್ವಾದ. ಕೂಸು ಸಹಸ್ರಳ ಎರಡೂ ಕೆನ್ನೆಗೆ ಮುತ್ತು.

ಇವತ್ತು ನನಗೆ ಉಪವಾಸ. ಕಾರ್ತಿಕ ಸೋಮವಾರ ನಕ್ಷತ್ರ ಕಾಣುವ ತನಕ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ನಿನಗೆ ಗೊತ್ತೇ ಇದೆ. ನಾಲ್ಕೂವರೆಗೆ ಎದ್ದು ತಣ್ಣೀರು ಹೊಯ್ದುಕೊಂಡು, ಅಂಗಳಕ್ಕೆ ಸಗಣಿನೀರು ಹಾಕಿ, ರಂಗವಲ್ಲಿ ಬಿಟ್ಟು, ತುಳಸಿಯ ಮುಂದೆ ದೀಪ ಹಚ್ಚಿದೆ. ನಿನ್ನ ಮಾವನಿಗೂ ಗಂಡ ಮಹೇಂದರನಿಗೂ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಮುಚ್ಚಿಟ್ಟೆ. ಆರಕ್ಕೆ ಮಗ್ಗಗಳು ಶುರುವಾದವು. ಹನ್ನೊಂದರ ತನಕ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದೆ. ಈಗ ಕರೆಂಟು ಹೋಗಿದೆ. ಗಂಡಸರೆಲ್ಲ ಚಹಾ ಅಂಗಡಿ ಸೇರಿದ್ದಾರೆ. ನೂಲಿನ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಏಳನೇ ತರಗತಿಯ ಕೈ, ಅಕ್ಷರ ಓರೆಯಾದರೆ ನೀನೇ ನೇರ ಮಾಡಿ ಓದಿಕೋ.

ಉಪವಾಸದ ದಿನ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಈ ಕಾಗದದಲ್ಲಿ ಅದೇ ಹೆಚ್ಚು. ಈ ಮನೆಯಲ್ಲಿ ಹುಟ್ಟಿರುವ ಹೇಸಿಗೆಯನ್ನೆಲ್ಲ ಒಳಗೆ ತುಂಬಿಕೊಂಡು ಕೂತರೆ ನನ್ನ ಹೊಟ್ಟೆ ಖಾಲಿ ಇದೆ ಎಂದು ವೇಮುಲವಾಡದ ರಾಜನ್ನ ಸ್ವಾಮಿ ಹೇಗೆ ನಂಬಿಯಾನು?

ಮೊದಲು ಸುದ್ದಿ. ಬರುವ ಭಾನುವಾರ ಮಾರ್ಕಂಡೇಯ ಗುಡಿಯ ಮುಂದಿನ ಸಭಾಮಂಟಪದಲ್ಲಿ ಕುಲದ ಹಿರಿಯರು ಕೂರುತ್ತಾರೆ. ನಿಮ್ಮಪ್ಪನಿಗೆ ಹೇಳಿಕಳಿಸಿದ್ದಾರಂತೆ. ಅಲ್ಲಿ ಏನು ಹೇಳುತ್ತಾರೆ ಎಂಬುದನ್ನು ಕಳೆದ ಶುಕ್ರವಾರ ನಮ್ಮ ಪಡಸಾಲೆಯಲ್ಲೇ ಕೂತು ಹೊಂದಿಸಿಕೊಂಡರು. ನಿಮ್ಮ ತಾತ ಕಿವುಡ, ನಿಮ್ಮ ವಂಶದಲ್ಲಿ ಕಿವುಡು ಇದೆ, ಅದು ಗೊತ್ತಿದ್ದೂ ಮುಚ್ಚಿಟ್ಟು ನಿನ್ನನ್ನು ನಮ್ಮ ಮನೆಗೆ ಕೊಟ್ಟರು, ಹಾಗಾಗಿ ಈ ಸಂಬಂಧ ಕಡಿಯಬೇಕು, ಕೂಸು ತಾಯಿಯ ಜೊತೆ ಹೋಗಲಿ, ಇನ್ನು ಮುಂದೆ ಅದರ ಯಾವ ಹೊಣೆಯೂ ಈ ಮನೆಗಿಲ್ಲ. ಇಷ್ಟು ಹೇಳುತ್ತಾರೆ. ಮುಚ್ಚಿಟ್ಟವಳು ಅಂತ ನಿನ್ನ ಹೆಸರು ಊರಲ್ಲೆಲ್ಲ ಆಗುತ್ತದೆ.

ಮುಚ್ಚಿಟ್ಟವಳು ನೀನಲ್ಲ. ನಾನು.

ಈ ಕಾಗದವನ್ನು ಭಾನುವಾರ ತೆಗೆದುಕೊಂಡು ಬಾ. ಎಲ್ಲರ ಮುಂದೆ ಓದು. ನಿನಗೆ ದನಿ ಏಳದಿದ್ದರೆ ನಿಮ್ಮಪ್ಪನ ಕೈಲಿ ಓದಿಸು. ಇದು ಭೂಲಕ್ಷ್ಮಿ ಬರೆದದ್ದೇ ಎಂದು ನಾನು ಅಲ್ಲೇ ನಿಂತು ಹೇಳುತ್ತೇನೆ. ಅದಕ್ಕೇ ಮೊದಲಿಂದ ಬಿಡಿಸಿ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಕೇಳುವವರಿಗೆ ಗೊತ್ತಿರಲಿ.

ಕೂಸು ಹುಟ್ಟಿದ್ದು ಹೋದ ವರ್ಷ ಗಣಪತಿ ಮುಳುಗಿಸಿದ ಮೂರನೇ ದಿನ. ಮೊದಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ನಿಮ್ಮಮ್ಮನ ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡಿದ್ದರಿಂದ ಇಲ್ಲೇ ಆಯಿತು. ಬಾಣಂತನ ನಾನು ಮಾಡಿದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಇಲ್ಲಿನ ಆಸ್ಪತ್ರೆಯಲ್ಲಿ ನಿನಗೆ ಹೊಟ್ಟೆ ಕೊಯ್ದಿದ್ದರು, ಮೇಲೆ ಜ್ವರ. ಕಣ್ಣು ಬಿಡುವುದಕ್ಕೂ ಆಗುತ್ತಿರಲಿಲ್ಲ. ಮೂರನೇ ದಿನ ನರ್ಸಮ್ಮ ಬಂದು ಕೂಸಿನ ಕಿವಿ ನೋಡಬೇಕು ಎಂದಳು. ನಾನು ಎತ್ತಿಕೊಂಡು ಹೋದೆ. ಮೂಲೆಯ ಕೋಣೆಯಲ್ಲಿ ಕೂಸಿನ ಕಿವಿಗೆ ರಬ್ಬರಿನ ಸಣ್ಣ ಮೊಗ್ಗಿನಂಥದ್ದು ಇಟ್ಟು ಯಂತ್ರ ನೋಡಿದಳು. ಆ ಕಿವಿ, ಈ ಕಿವಿ, ಮತ್ತೆ ಆ ಕಿವಿ. ಆಮೇಲೆ ನನ್ನ ಕಡೆ ತಿರುಗಿ ತುಂಬಾ ಹೊತ್ತು ಏನೋ ಹೇಳಿದಳು. ಬಾಯಿಗೆ ಮಾಸ್ಕಿನ ಪಟ್ಟಿ ಕಟ್ಟಿಕೊಂಡಿದ್ದಳು.

ಇಲ್ಲಿ ನಿನಗೆ ಒಂದು ವಿಷಯ ಹೇಳಬೇಕು. ನನಗೆ ಕಿವಿ ಕೇಳುವುದಿಲ್ಲ. ಪೂರಾ ಇಲ್ಲ ಅಂತಲ್ಲ. ಎದುರಿಗೆ ನಿಂತು ಬಾಯಿ ಕಾಣುವ ಹಾಗೆ ಮಾತಾಡಿದರೆ ತಿಳಿಯುತ್ತದೆ. ಬೆನ್ನ ಹಿಂದೆ ಮಾತಾಡಿದರೆ ಇಲ್ಲ, ಫೋನಿನಲ್ಲಿ ಇಲ್ಲವೇ ಇಲ್ಲ. ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಮನೆಗೆ ಬಂದವಳು, ಮೂವತ್ತಾರು ವರ್ಷ ಆಯಿತು. ಭಜನೆಯಲ್ಲಿ ಪಕ್ಕದವರ ತುಟಿ ನೋಡಿ ತಾಳ ಹಾಕುತ್ತೇನೆ. ನೀನು ಎರಡು ಸಲ ಫೋನು ಮಾಡಿದೆ. ಎರಡು ಸಲವೂ ನಾನು ಹಾಂ ಹಾಂ ಅಂದು ಇಟ್ಟೆ. ನೀನು ಅತ್ತೆಗೆ ನನ್ನ ಮೇಲೆ ಸಿಟ್ಟು ಅಂದುಕೊಂಡಿರುತ್ತೀ. ನೀನು ಏನು ಹೇಳಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಆ ನರ್ಸಮ್ಮ ಬಾಯಿಗೆ ಪಟ್ಟಿ ಕಟ್ಟಿಕೊಂಡು ಹೇಳಿದ್ದು ನನಗೆ ಒಂದಕ್ಷರ ಕೇಳಲಿಲ್ಲ. ಇನ್ನೊಮ್ಮೆ ಹೇಳು ತಾಯಿ ಅನ್ನುವುದಕ್ಕೆ ನಾಚಿಕೆ. ಸುತ್ತ ಬಾಣಂತಿಯರು, ಅವರ ತಾಯಂದಿರು. ತಲೆ ಅಲ್ಲಾಡಿಸಿದೆ. ಅವಳು ನನ್ನ ಸಹಿ ಹಾಕಿಸಿಕೊಂಡು ಒಂದು ಕಾಗದ ಕೊಟ್ಟಳು. ಆಸ್ಪತ್ರೆಯ ಕಾಗದ ಎಂದರೆ ಇಂಗ್ಲಿಷಿನಲ್ಲೇ ಇರುತ್ತದಲ್ಲ ಎಂದು ಮಡಚಿ ಸೆರಗಿಗೆ ಕಟ್ಟಿಕೊಂಡೆ. ಮನೆಗೆ ಬಂದು ರಾಜನ್ನನ ಪಟದ ಹಿಂದೆ ಇಟ್ಟೆ. ನಿನಗೆ ಹೇಳಲಿಲ್ಲ. ಮಹೇಂದರನಿಗೂ ಹೇಳಲಿಲ್ಲ. ಏನೋ ಸರಿಯಿಲ್ಲ ಎಂದು ಮಾತ್ರ ಮನಸ್ಸಿಗೆ ಗೊತ್ತಾಗಿತ್ತು, ಸರಿಯಿದ್ದರೆ ಆ ಹುಡುಗಿ ಅಷ್ಟು ಹೊತ್ತು ಯಾಕೆ ಹೇಳುತ್ತಿದ್ದಳು. ಸ್ವಾಮಿ, ಕೂಸಿಗೆ ಏನೂ ಆಗದಿರಲಿ, ವೇಮುಲವಾಡಕ್ಕೆ ಬಂದು ನಿನ್ನ ಗುಡಿಗೆ ಹೋರಿ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತೆ. ಹೊತ್ತು ಸುಮ್ಮನಾದೆ. ಡಾಕ್ಟರ ಹತ್ತಿರ ಹೋಗಬೇಕಾದವಳು ದೇವರ ಹತ್ತಿರ ಹೋದೆ. ಆಯಪ್ಪನಿಗೆ ಇದರಲ್ಲಿ ಏನೂ ಪಾಲಿಲ್ಲ, ಕಾಗದ ಮುಚ್ಚಿಡು ಎಂದು ಅವನು ಹೇಳಲಿಲ್ಲ.

ಆಮೇಲೆ ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಾಗಲಿಲ್ಲ. ಬೇರೆ ಮನೆಯಾಗಿದ್ದರೆ ಆರು ತಿಂಗಳಿಗೆ ಗೊತ್ತಾಗುತ್ತಿತ್ತು. ನಮ್ಮದು ಮಗ್ಗದ ಮನೆ. ಎಂಟು ಮಗ್ಗ ಬಡಿಯುವಾಗ ತೊಟ್ಟಿಲಲ್ಲಿ ಕೂಸು ತಣ್ಣಗೆ ಮಲಗಿರುತ್ತಿತ್ತು. ಮಗ್ಗದ ಮನೆಯ ಕೂಸುಗಳೆಲ್ಲ ಹಾಗೇ, ಎರಡು ತಿಂಗಳು ಅತ್ತು ಆಮೇಲೆ ಸದ್ದಿಗೆ ಹೊಂದಿಕೊಳ್ಳುತ್ತವೆ. ಇವಳು ಎರಡು ತಿಂಗಳೂ ಅಳಲಿಲ್ಲ. ಪಕ್ಕದ ಮನೆಯ ಸತ್ತವ್ವ ಬಂದು ಗಲ್ಲ ಹಿಡಿದು, "ಎಷ್ಟು ಪುಣ್ಯ ಮಾಡೀಯೇ ಭೂಲಕ್ಷ್ಮಿ, ನನ್ನ ಮೊಮ್ಮಗ ಲಾಳಿ ಹೊಡೆದಾಗೊಮ್ಮೆ ಕಿಟಾರ್ ಅಂತಾನ. ಇವಳು ನೋಡು, ಮಗ್ಗಾನೇ ಜೋಗುಳ ಅಂದ್ಕೊಂಡಾಳ!" ಎಂದಳು. ನಿನ್ನ ಮಾವನಿಗಂತೂ ಹೆಮ್ಮೆಯೋ ಹೆಮ್ಮೆ. ನೂಲಿನ ಸೇಠು ಬಂದಾಗ ತೊಟ್ಟಿಲ ಬಟ್ಟೆ ಸರಿಸಿ ತೋರಿಸುತ್ತಿದ್ದರು. "ನೇಕಾರರ ರಕ್ತ ಸೇಠ್‌ಜಿ, ಹೊಟ್ಟೆಯಾಗಿಂದಾನೇ ಕಲ್ತು ಬಂದದ."

ಇನ್ನೊಂದು, ನಮ್ಮ ಮನೆಯಲ್ಲಿ ಬಾಯಿಂದ ಮಾತಾಡುವುದು ಕರೆಂಟು ಹೋದಾಗ ಮಾತ್ರ. ಉಳಿದ ಹೊತ್ತು ಕೈಸನ್ನೆ. ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ, ಎರಡು ಬೆರಳು ಕತ್ತರಿಸಿದರೆ ನೂಲು ಹರಿದಿದೆ, ನೆಲ ತುಳಿದರೆ ಇತ್ತ ನೋಡು. ಕೂಸು ಎಂಟು ತಿಂಗಳಿಗೇ ಇದನ್ನೆಲ್ಲ ಹಿಡಿದುಬಿಟ್ಟಿತು. ನಾನು ನೆಲ ತುಳಿದರೆ ತಿರುಗುತ್ತಿತ್ತು. ಬೆರಳು ಬಾಯಿಗೆ ತಂದರೆ ತಾನೂ ತಂದು ನಗುತ್ತಿತ್ತು. ಕರೆದರೆ ಬರುತ್ತಾಳೆ, ಹೇಳಿದ್ದು ತಿಳಿಯುತ್ತದೆ ಎಂದು ಎಲ್ಲರೂ ಹೇಳಿದರು. ಒಬ್ಬರೂ ಅವಳನ್ನು ಬಾಯಿಂದ ಕರೆದಿರಲಿಲ್ಲ.

ನೀನು ಈ ಸಲ ಬತುಕಮ್ಮನ ಹೂವಿನ ಹಬ್ಬಕ್ಕೆ ಕೋರುಟ್ಲದ ತವರಿಗೆ ಹೋದೆ. ನಿಮ್ಮದು ಹೊಲಿಗೆಯ ಮನೆ, ಮಗ್ಗವಿಲ್ಲ. ಮೂರನೇ ದಿನ ನಿಮ್ಮಮ್ಮನ ಕೈಯಿಂದ ಹಿತ್ತಾಳೆ ತಟ್ಟೆ ಕಲ್ಲಿನ ಮೇಲೆ ಬಿತ್ತಂತೆ, ಅಂಗಳದ ನಾಯಿ ಸಮೇತ ಎಲ್ಲರೂ ಬೆಚ್ಚಿದರಂತೆ. ಕೂಸು ಹೂವಿನ ಎಸಳು ಕೀಳುತ್ತ ಕೂತೇ ಇತ್ತಂತೆ. ಆ ವಾರವೇ ನೀನು ಕರೀಂನಗರಕ್ಕೆ ಒಯ್ದು ತೋರಿಸಿದೆ. ಎರಡೂ ಕಿವಿ ಎಂದರು. ನೀನು ಕಾಗದ ಹಿಡಿದು ಮನೆಗೆ ಬಂದ ದಿನ ನನ್ನ ಕಣ್ಣ ಮುಂದೆಯೇ ಇದೆ. ಚಪ್ಪಲಿ ಬಿಡದೆ ಹೊಸ್ತಿಲಲ್ಲಿ ನಿಂತು ಹೇಳಿದೆ. "ಈಗ ಯಂತ್ರ ಹಾಕ್ತಾರಂತ ಅತ್ತೆ, ಆಮ್ಯಾಲೆ ಆಪರೇಷನ್. ರೇಷನ್ ಕಾರ್ಡು ಇದ್ದರೆ ದುಡ್ಡು ಬೇಕಾಗಿಲ್ಲಂತ. ಆದರ ಹುಟ್ಟಿದಾಗಲೇ ನೋಡಬೇಕಿತ್ತಂತ. ಯಾಕ ಇಷ್ಟು ತಡ ಮಾಡಿದ್ರಿ ಅಂತ ಡಾಕ್ಟರಮ್ಮ ನನಗ ಬೈದಳು" ಎಂದು ಹೇಳಿ ಕಣ್ಣೀರು ಹಾಕಿದೆ. ಆಸ್ಪತ್ರೆಯಲ್ಲಿ ನೋಡಲೇ ಇಲ್ಲವಲ್ಲ ಅತ್ತೆ, ನಮಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ನನ್ನ ಮುಖ ನೋಡಿ ಕೇಳಿದೆ. ನಿನ್ನ ಬಾಯಿ ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಇಲ್ಲವಲ್ಲ ಮಗಳೇ ಎಂದೆ.

ಪಟ ನಿನ್ನ ತಲೆಯ ಮೇಲೆಯೇ ಇತ್ತು.

ಆ ಮೇಲಿನ ಹತ್ತು ದಿನ ಈ ಮನೆಯಲ್ಲಿ ನಡೆದದ್ದು ಕೇಳುವವರಿಗೂ ಗೊತ್ತಾಗಲಿ. ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಬಂದವರೆಲ್ಲ ಕೂಸನ್ನು ಪರೀಕ್ಷೆ ಮಾಡಿದರು. ಒಬ್ಬಳು ಕಿವಿಯ ಹತ್ತಿರ ಬೀಗದ ಗೊಂಚಲು ಆಡಿಸಿದಳು, ಒಬ್ಬಳು ತಟ್ಟೆ ಬಡಿದಳು. ನನ್ನ ನಾದಿನಿ ಗುಡಿಯ ಗಂಟೆ ತೊಳೆದ ನೀರು ತಂದು ಕುಡಿಸಿದಳು. ಹಸಿರು ಹಿಡಿದ ಗಂಟೆ, ನೀರಲ್ಲಿ ಎಣ್ಣೆಯ ಜಿಡ್ಡು ತೇಲುತ್ತಿತ್ತು. ಬಜೆ ತೇದು ನಾಲಿಗೆ ಉರಿಯುವ ತನಕ ಉಜ್ಜಿದಳು. ಮಂತ್ರ ಹಾಕುವವನೊಬ್ಬ ಬಂದು ಕೂಸಿನ ಕಿವಿಯಲ್ಲಿ ಬಾಯಿಟ್ಟು ಉಫ್ ಎಂದು ಊದಿದ. ಬಾಯಲ್ಲಿ ತಂಬಾಕು. ನೀನು ಕೂಸನ್ನು ಕಿತ್ತುಕೊಂಡೆ. ಅದಕ್ಕೆ ನಿನ್ನ ಮಾವ ಏನೆಂದರು, ನಿನಗೆ ನೆನಪಿದೆ. "ತನ್ನ ತಪ್ಪು ಮುಚ್ಚಿಕೊಳ್ಳಾಕ ಹಾರಾಡ್ತಾಳ." ನಾನು ಆ ಮಂತ್ರದವನಿಗೆ ಅಕ್ಕಿ, ತೆಂಗಿನಕಾಯಿ ಕೊಟ್ಟು ಕಾಲು ಮುಟ್ಟಿ ಕಳಿಸಿದೆ. ಈ ಕೈಯಿಂದಲೇ.

ದೀಪಾವಳಿಯ ದಿನದ್ದನ್ನೂ ಬರೆಯಲೇಬೇಕು. ಮಹೇಂದರ ನನ್ನ ಮಗ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಆದರೂ ಬರೆಯುತ್ತೇನೆ. ನೀನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವನೂ ಅವನ ಮೂವರು ಗೆಳೆಯರೂ ಕುಡಿದು ಬಂದಿದ್ದರು. ಕೂಸನ್ನು ಅಂಗಳದಲ್ಲಿ ಚಾಪೆಯ ಮೇಲೆ ಕೂರಿಸಿ, ಬೆನ್ನ ಹಿಂದೆ ನಾಲ್ಕು ಮಾರು ದೂರಕ್ಕೆ ದೊಡ್ಡ ಪಟಾಕಿ ಇಟ್ಟು ಹಚ್ಚಿದ. "ಡಾಕ್ಟರ್ ಹೇಳೋದು ಸುಳ್ಳೋ ಖರೆಯೋ ಈಗ ನೋಡ್ರಿ" ಎಂದ. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೂ ನೋಡಬೇಕಿತ್ತು, ಶಿರೀಷಾ. ತಿರುಗಿ ನೋಡಿಬಿಟ್ಟರೆ ಸಾಕಪ್ಪ ಎಂದು ಕೈ ಮುಗಿದು ನಿಂತಿದ್ದೆ. ಪಟಾಕಿ ಸಿಡಿಯಿತು, ನೆಲ ಅದುರಿತು, ಕೂಸು ಮುಂದಕ್ಕೆ ಮುಗ್ಗರಿಸಿ ಕಿರುಚಿತು. ಗಂಡಸರು ಕುಣಿದರು. "ಕೇಳಿಸ್ತದ! ಕೇಳಿಸ್ತದ! ಏ ಮಹೇಂದರ್, ಪಾರ್ಟಿ ಕೊಡೋ!" ನಾನೂ ಚಪ್ಪಾಳೆ ಹೊಡೆದೆ. ನೀನು ಒದ್ದೆ ಕೈಯಲ್ಲಿ ಓಡಿ ಬಂದು ಎತ್ತಿಕೊಂಡಾಗ ಅದರ ಲಂಗದ ಅಂಚು ಸುಟ್ಟು, ಹಿಮ್ಮಡಿಯ ಮೇಲೆ ಕಿಡಿ ಬಿದ್ದು ಗುಳ್ಳೆ ಎದ್ದಿತ್ತು. ಕೂಸು ಅತ್ತದ್ದು ಸುಟ್ಟದ್ದಕ್ಕೆ. ನೀನು ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ ಚೀಲ ತಂದೆ. ಹಬ್ಬದ ದಿನ ಮನೆಯ ಸೊಸೆ ಊಟ ಮಾಡದೆ ಹೊಸ್ತಿಲು ದಾಟಬಾರದು ಎಂದು ನಾನು ಅಡ್ಡ ನಿಂತೆ. "ಸರೀರಿ ಅತ್ತೆ" ಎಂದೆ ನೀನು. ಅಷ್ಟೇ. ನೀನು ಬೈದಿದ್ದರೆ ಚೆನ್ನಾಗಿತ್ತು.

ಈಗ ಶುಕ್ರವಾರದ ಮಾತು. ಐದು ಜನ ಹಿರಿಯರು ಬಂದರು. ದೊಡ್ಡವರು ಕೊಂಡಯ್ಯ, ಅರವತ್ತು ವರ್ಷ ನೇಯ್ದವರು. ನಾನು ಚಹಾ ಕೊಡುತ್ತಾ ನಿಂತೆ. ಕರೆಂಟು ಹೋಗಿ ಮಗ್ಗ ನಿಂತಿದ್ದವು, ಹಗಲ ಬೆಳಕಿಗೆ ಎಲ್ಲರ ತುಟಿಯೂ ಕಾಣುತ್ತಿತ್ತು.

"ಹುಡುಗಿಯ ತಾತ ಕಿವುಡ. ನನಗ ಗೊತ್ತದ" ಎಂದರು ಕೊಂಡಯ್ಯ.

"ಯಾರು ಬಡವ?" ಎಂದರು ಪಕ್ಕದವರು.

"ಬಡವ ಅಲ್ಲೋ, ಕಿವುಡ!"

"ಹಾಂ?"

"ಕಿವುಡ! ಕಿವುಡ! ಕಿವುಡು ನಮ್ಮ ಕುಲದಾಗ ಬರಬಾರದು ಅಂತೀನಿ!"

"ಹಂಗ ಜೋರಾಗಿ ಹೇಳು, ತುಟಿಯೊಳಗ ಗೊಣಗಬ್ಯಾಡ."

ಐವರಲ್ಲಿ ನಾಲ್ವರಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಎರಡೆರಡು ಸಲ ಕೂಗಿಕೊಂಡು ಕಿವುಡು ಕೂಸಿನ ನ್ಯಾಯ ತೀರ್ಮಾನ ಮಾಡಿದರು. ನಿಮ್ಮ ತಾತನೂ ಮುಂಬಯಿಯ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು, ಮಗ್ಗ ತಿಂದ ಕಿವಿ ಅವರದು. ಇದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ನಗು ಬರಬೇಕಿತ್ತು. ನನಗೆ ಮೈಯೆಲ್ಲ ಉಗುಳು ಮೆತ್ತಿದ ಹಾಗಾಯಿತು. ಕೊನೆಗೆ ನಿನ್ನ ಮಾವ ಇನ್ನೊಂದು ಸಂಬಂಧದ ಮಾತು ಎತ್ತಿದರು. ಗಂಭೀರಾವುಪೇಟೆಯ ಹುಡುಗಿಯಂತೆ, ನೋಡಲು ಚೆಂದವಂತೆ. "ಈ ಸಲ ಮೊದಲು ಕಿವಿಯಾಗ ಕೂಗಿ ನೋಡಿ ತರೋಣ" ಎಂದು ಹೇಳಿ ತಾವೇ ನಕ್ಕರು. ಮಹೇಂದರ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ನಾಚಿಕೆಯಾಯಿತು ಅಂದುಕೊಂಡೆ. ಬಗ್ಗಿ ನೋಡಿದರೆ ಫೋನಿನಲ್ಲಿ ಆ ಹುಡುಗಿಯ ಫೋಟೋ ನೋಡುತ್ತಿದ್ದ.

ಎದ್ದು ಅಡಿಗೆಮನೆಗೆ ಹೋಗಿ ಬಚ್ಚಲಲ್ಲಿ ಕಾರಿಕೊಂಡೆ. ಚಹಾ ಹೆಚ್ಚಾಯಿತು ಎಂದೆ. ಆ ಕ್ಷಣದಲ್ಲೂ ಬಂದು ಎಲ್ಲರ ಮುಂದೆ ನಿಂತು, ಮುಚ್ಚಿಟ್ಟವಳು ನಾನು ಎಂದು ಹೇಳಬಹುದಿತ್ತು. ಐದು ಹೆಜ್ಜೆ ದೂರ. ಬಾಯಿ ತೊಳೆದು ಮತ್ತೆ ಸಕ್ಕರೆ ತಂದೆ.

ಆಮೇಲೆ ನನಗೆ ನಿದ್ದೆಯಿಲ್ಲ. ಪೂಜೆಗೆ ಕೂತರೆ ಪಟದಲ್ಲಿ ಸ್ವಾಮಿ ಕಾಣುವುದಿಲ್ಲ, ಹಿಂದಿನ ಕಾಗದ ಕಾಣುತ್ತದೆ. ಇವತ್ತು ಬೆಳಿಗ್ಗೆ ದೀಪ ಹಚ್ಚಿದವಳೇ ಪಟ ಕೆಳಗಿಳಿಸಿ ಕಾಗದ ತೆಗೆದೆ. ಇದರ ಜೊತೆ ಇಟ್ಟಿದ್ದೇನೆ, ಹಿರಿಯರಿಗೆ ತೋರಿಸು. ತಾರೀಖು ಇದೆ, ಆಸ್ಪತ್ರೆಯ ಮುದ್ರೆ ಇದೆ. ಹೆಬ್ಬೆರಳಲ್ಲ, ನನ್ನ ಸಹಿ ಇದೆ. ರೇಷನ್ ಕಾರ್ಡನ್ನೂ ನಿನ್ನ ಮಾವನ ಟ್ರಂಕಿನಿಂದ ತೆಗೆದು ಇಟ್ಟಿದ್ದೇನೆ. ಯಾರು ಏನೇ ಹೇಳಲಿ, ಭಾನುವಾರ ಏನೇ ಆಗಲಿ, ಕೂಸಿನ ಕಿವಿಯ ಕೆಲಸ ನಿಲ್ಲಿಸಬೇಡ. ಭಾನುವಾರಕ್ಕೆ ಕಾಯಲೂಬೇಡ. ನಾಳೆಯೇ ಹೋಗುವುದಿದ್ದರೆ ನಾಳೆಯೇ ಹೋಗು. ಹದಿನಾಲ್ಕು ತಿಂಗಳು ನಾನು ತಿಂದಿದ್ದೇನೆ.

ನೀನು ಈ ಮನೆಗೆ ವಾಪಸು ಬಾ ಎಂದು ನಾನು ಕರೆಯುವುದಿಲ್ಲ. ಇಲ್ಲಿ ಬಂದು ಏನು ಮಾಡುತ್ತೀ? ಬರಬೇಕೋ ಬೇಡವೋ ನೀನು ನಿರ್ಧಾರ ಮಾಡಿಕೋ, ಅವರಲ್ಲ. ಆದರೆ ಹೋಗುವವಳು ಕಳ್ಳಿ ಎನ್ನಿಸಿಕೊಂಡು ಹೋಗಬೇಡ.

ಭಾನುವಾರದ ಮೇಲೆ ನನ್ನ ಗತಿ ಏನು ಎಂದು ಯೋಚನೆ ಮಾಡಬೇಡ. ನಿನ್ನ ಮಾವ ಹೊಡೆಯುವುದಿಲ್ಲ, ಅವರದು ಮಾತಿನ ಹೊಡೆತ, ಅದು ನನಗೆ ಕೇಳುವುದಿಲ್ಲ. ತೀರಾ ಹೊರಗೆ ಹಾಕಿದರೆ ವೇಮುಲವಾಡದ ಗುಡಿಯಲ್ಲಿ ಕಸ ಗುಡಿಸುವ ಹೆಂಗಸರಿದ್ದಾರೆ, ಅವರ ಜೊತೆ ಇರುತ್ತೇನೆ. ಇದನ್ನು ನಿನ್ನ ಮರುಕಕ್ಕೆ ಬರೆದಿದ್ದಲ್ಲ. ನಿಮ್ಮಮ್ಮನಿಗೆ ನನ್ನ ನಮಸ್ಕಾರ. ಬೀಗಿತ್ತಿಯ ಮುಖ ನೋಡುವ ಯೋಗ್ಯತೆ ನನಗಿಲ್ಲ ಎಂದು ಹೇಳು. ಹಿಮ್ಮಡಿಯ ಗುಳ್ಳೆ ಒಣಗಿತೇ, ಅದೊಂದು ತಿಳಿಸು.

ಇಂತಿ ನಿನ್ನ ಅತ್ತೆ
ಭೂಲಕ್ಷ್ಮಿ

ತಾ.ಕ.: ಆಸ್ಪತ್ರೆಯ ಕಾಗದವನ್ನು ಲಕೋಟೆಗೆ ಹಾಕಲು ಮಡಚುತ್ತಿದ್ದವಳು ಮತ್ತೆ ಬಿಡಿಸಿ ಪೆನ್ನು ಹಿಡಿದೆ. ನೀನು ಬಿಚ್ಚಿದ ಕೂಡಲೇ ನೋಡುತ್ತೀ. ಮೇಲೆ ಇಂಗ್ಲಿಷಿದೆ. ಕೆಳಗೆ ತೆಲುಗಿನಲ್ಲಿ ನಾಲ್ಕು ಸಾಲಿದೆ, ದಪ್ಪ ಅಕ್ಷರ. ಕೂಸಿಗೆ ಎರಡೂ ಕಿವಿಯ ಪರೀಕ್ಷೆ ಸರಿಬಂದಿಲ್ಲ, ಒಂದು ತಿಂಗಳೊಳಗೆ ಮತ್ತೆ ಕರೆತನ್ನಿ, ತಡವಾದರೆ ಮಾತು ಬರುವುದು ತಡವಾಗುತ್ತದೆ ಎಂದಿದೆ. ನರ್ಸಮ್ಮ ಹೇಳಿದ್ದು ಕೇಳಲಿಲ್ಲ ಎಂಬುದು ನಿಜ. ಇಂಗ್ಲಿಷಿರಬಹುದು ಎಂದು ಮಡಚಿಟ್ಟೆ ಎಂಬುದು ಸುಳ್ಳು. ಆಟೋದಲ್ಲಿ ಕೂತು ಎರಡು ಸಲ ಓದಿದ್ದೇನೆ. ಎಲ್ಲ ತಿಳಿಯಿತು. ಮನೆಯಲ್ಲಿ ಕಿವಿ ಕೇಳದವಳು ನಾನೊಬ್ಬಳು, ಅದನ್ನು ಹತ್ತು ವರ್ಷದಿಂದ ಮುಚ್ಚಿಕೊಂಡು ಬಂದಿದ್ದೆ. ಕೂಸಿನದು ಹೊರಗೆ ಬಂದರೆ ನನ್ನದೂ ಬರುತ್ತದೆ, ನನ್ನಿಂದಲೇ ಬಂತು ಎನ್ನುತ್ತಾರೆ ಎಂದು ಹೆದರಿದೆ. ಶುಕ್ರವಾರ ಕೊಂಡಯ್ಯ ನಿಮ್ಮ ತಾತನ ಹೆಸರು ಹೇಳಿದಾಗ ನನಗೆ ಮೊದಲು ಬಂದದ್ದು ಓಕರಿಕೆಯಲ್ಲ. ಸದ್ಯ, ನನ್ನ ಹೆಸರಲ್ಲವಲ್ಲ ಎಂದು ಎದೆ ಹಗುರಾಯಿತು. ಕಾರಿಕೊಂಡದ್ದು ಅದಾದ ಮೇಲೆ.

ಮೇಲಿನದನ್ನು ಹರಿದು ಮತ್ತೆ ಬರೆಯಲು ಹಾಳೆಯಿಲ್ಲ, ಕರೆಂಟು ಬರುವ ಹೊತ್ತಾಯಿತು. ಭಾನುವಾರ ಓದುವಾಗ ಸಹಿಗೆ ನಿಲ್ಲಿಸಬೇಡ, ಇದನ್ನೂ ಓದು. ಕಾಗದ ತರುತ್ತಿರುವ ಬಳೆಗಾರ್ತಿ ಬಾಲವ್ವ ಬುಧವಾರದ ಸಂತೆ ಮುಗಿಸಿ ಐದು ಗಂಟೆಗೆ ನಿಮ್ಮ ಬಾಗಿಲಿಗೆ ಮತ್ತೆ ಬರುತ್ತಾಳೆ, ಉತ್ತರ ಅವಳ ಕೈಲಿ ಕೊಡು. ಅವಳಿಗೆ ಓದು ಬಾರದು, ಏನು ಬರೆದರೂ ನಡೆಯುತ್ತದೆ. ಬರೆಯಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದು ಅವಳ ಎದುರಿಗೆ ನಿಂತು ಹೇಳಿಬಿಡು. ಕೊನೆಯ ಬಸ್ಸು ತಪ್ಪುವ ತನಕ ಕಾಯಿಸಬೇಡ.